ಟ್ರೇಲರ್ ಕಟ್ಟಿಕೊಂಡು ಬಾದಾಮಿ, ವಿಜಯಪುರದ ಕಡೆಗೆ: ಹೋಗಿ ಬಂದವರ ಅನುಭವ

ಬೆಳಗಾವಿಯಿಂದ ಬಂದ ಕೋರಿಕೆ:

ನಾನೂ ನನ್ನ ಪತ್ನಿಯೂ ನಿವೃತ್ತರು; ನನಗೆ 66, ಅವರಿಗೆ 62. ಎರಡು ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ ಇರುವ ಟ್ರೇಲರ್ ಒಂದನ್ನು ಜೀಪಿಗೆ ಕಟ್ಟಲು ಮಾಡಿಸಿದ್ದೇವೆ, ನೋಂದಣಿಯೂ ಆಗಿದೆ. ಶಿವರಾತ್ರಿ ಮುಗಿಸಿ ಹೊರಟು, ಯುಗಾದಿಯೊಳಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರ ನೋಡಿಕೊಂಡು ಬರುವ ಆಸೆ. ಟ್ರೇಲರ್ ಎಳೆದು ಅಭ್ಯಾಸವಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬಾಗಲಕೋಟೆ ನವನಗರದ ನಿವೃತ್ತ ಶಿಕ್ಷಕಿಯೊಬ್ಬರು:

ನಮಸ್ಕಾರ ಸರ್. ಹೋದ ವರ್ಷ ಮಾರ್ಚ್‌ನಲ್ಲಿ ನಾವಿಬ್ಬರೂ ಇದೇ ರೀತಿ ಹನ್ನೊಂದು ದಿನ ತಿರುಗಾಡಿ ಬಂದೆವು. ಎಲ್ಲಕ್ಕಿಂತ ಮೊದಲು ಸಾಮಾನು ಹೇರುವ ಕ್ರಮದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾವು ತಪ್ಪಿದ್ದು ಅಲ್ಲಿಯೇ. ಯರಗಟ್ಟಿಯ ಬೀಗರು ಪ್ರೀತಿಯಿಂದ ಕೊಟ್ಟ ಒಂದು ಚೀಲ ಬಿಳಿಜೋಳವನ್ನು ಟ್ರೇಲರಿನ ಹಿಂಬಾಗಿಲ ಹತ್ತಿರ ಇಟ್ಟಿದ್ದೆವು. ನೂರು ಲೀಟರಿನ ಟಾಕಿಯೂ ಹಿಂದೆಯೇ ಇತ್ತು, ಅಂದರೆ ನೀರೇ 100 ಕಿಲೊ. ಲೋಕಾಪುರದ ಕಡೆಗೆ ಬರುವಾಗ ಒಂದು ಇಳಿಜಾರಿನಲ್ಲಿ ವೇಗ ಸ್ವಲ್ಪ ಹೆಚ್ಚಾಯಿತು. ನಾನು ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗಿ, ಜೀಪಿನ ಹಿಂಭಾಗವನ್ನೂ ತನ್ನೊಡನೆ ಎಳೆಯತೊಡಗಿತು. ನಮ್ಮ ಮನೆಯವರು ಗಟ್ಟಿಯಾಗಿ ಬ್ರೇಕ್ ತುಳಿಯಲಿಲ್ಲ, ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಲೂ ಇಲ್ಲ. ನೇರವಾಗಿ ಹಿಡಿದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರು. ವೇಗ ಇಳಿದಂತೆ ತೂಗಾಟ ನಿಂತಿತು. ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಇಬ್ಬರೂ ಸೇರಿ ಜೋಳದ ಚೀಲವನ್ನು ಮುಂದಕ್ಕೆ ಎಳೆದೆವು, ಟಾಕಿಯ ನೀರಿನಲ್ಲಿ ಮುಕ್ಕಾಲು ಪಾಲನ್ನು ಮರದ ಬುಡಕ್ಕೆ ಬಿಟ್ಟೆವು. ಬೇವಿನ ಹೂವು ಉದುರಿ ನೆಲವೆಲ್ಲ ಬೆಳ್ಳಗಾಗಿತ್ತು. ನನ್ನ ಕೈ ನಡುಕ ನಿಲ್ಲುವವರೆಗೆ ಅಲ್ಲಿಯೇ ಕುಳಿತಿದ್ದೆವು.

ಆದ್ದರಿಂದ ಭಾರವಾದ ಸಾಮಾನು ಗಾಲಿಯ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇರಲಿ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಜೀಪಿನ ಕೊಕ್ಕೆಯ ಮೇಲೆ ಕೂರಬೇಕು. ಹಿಂದೆ ಭಾರ ಹೆಚ್ಚಾದರೆ ಬಾಲ ತೂಗುತ್ತದೆ. ಟಾಕಿಯನ್ನು ಮನೆಯಲ್ಲಿಯೇ ತುಂಬಿಸಿಕೊಂಡು ಹೊರಡುವುದಕ್ಕಿಂತ, ತಂಗುವ ಊರನ್ನು ಮುಟ್ಟಿದ ಮೇಲೆ ತುಂಬಿಸುವುದು ಒಳ್ಳೆಯದು.

ಇನ್ನು ಬಿಸಿಲು. ನಮ್ಮ ಕಡೆ ಮಾರ್ಚ್ ನಡುವಿನ ಹೊತ್ತಿಗೆ ಮಧ್ಯಾಹ್ನ 36ರಿಂದ 38 ಡಿಗ್ರಿ ಇರುತ್ತದೆ, ತಗಡಿನ ಟ್ರೇಲರಿನೊಳಗೆ ಅದಕ್ಕಿಂತ ಹೆಚ್ಚು. ನಾವು ಬೆಳಿಗ್ಗೆ ಆರಕ್ಕೆ ಹೊರಟು ಹತ್ತೂವರೆಯೊಳಗೆ ನೆರಳು ಹಿಡಿಯುತ್ತಿದ್ದೆವು. ಬಿ.ಪಿ. ಮಾತ್ರೆಗಳನ್ನು ಟ್ರೇಲರಿನಲ್ಲಿ ಬಿಡದೆ ನನ್ನ ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದೆ.

ಬಾದಾಮಿಯಲ್ಲಿ ಟ್ರೇಲರನ್ನು ಊರೊಳಗೆ ಒಯ್ಯಬೇಡಿ. ಅಗಸ್ತ್ಯತೀರ್ಥದ ಕಡೆಯ ಓಣಿಗಳಲ್ಲಿ ತಿರುಗಿಸಲು ಜಾಗವಿಲ್ಲ. ನಾವು ಊರ ಹೊರಗಿನ ವಸತಿಗೃಹವೊಂದರ ಅಂಗಳದಲ್ಲಿ ಬಿಟ್ಟು ಜೀಪಿನಲ್ಲಿಯೇ ಹೋದೆವು. ಗುಹೆಗಳ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ, ಕೈಯಲ್ಲಿ ತಿನಿಸು ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ಮೊಣಕಾಲು ನೋವಿದ್ದರೂ ಮೂರನೆಯ ಗುಹೆಯವರೆಗೆ ಹೋಗಲೇಬೇಕೆಂದು ನನ್ನ ಆಗ್ರಹ. ಚಾಲುಕ್ಯರ ಮಂಗಲೇಶ ಬರೆಸಿದ ಕ್ರಿ.ಶ. 578ರ ಶಾಸನವಿರುವುದು ಅಲ್ಲಿಯೇ, ಕಂಬಗಳ ಮೇಲಿನ ಬೋದಿಗೆ ಶಿಲ್ಪಗಳನ್ನು ಬೆಳಗಿನ ಬೆಳಕಿನಲ್ಲಿ ನೋಡಬೇಕು. ಪಟ್ಟದಕಲ್ಲು ಸಮತಟ್ಟು ನೆಲ, ಆಯಾಸವಾಗುವುದಿಲ್ಲ. ಐಹೊಳೆಯ ಮೇಗುಟಿ ಗುಡ್ಡವನ್ನು ಮಾತ್ರ ಬಿಸಿಲೇರುವ ಮೊದಲೇ ಹತ್ತಿ ಇಳಿಯಬೇಕು.

ಹೋಳಿಯ ದಿನಗಳಲ್ಲಿ ನಮ್ಮ ಊರೊಳಗೆ ಟ್ರೇಲರ್ ತರಬೇಡಿ. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಲ್ಲ; ಹಲಗೆ ಬಾರಿಸುತ್ತಾ, ಬಣ್ಣದ ಬಂಡಿಗಳು ಬರುವಾಗ ರಸ್ತೆಯಲ್ಲಿ ವಾಹನ ಅಲುಗಾಡಲಾರದು. ನೋಡುವ ಮನಸ್ಸಿದ್ದರೆ ಟ್ರೇಲರನ್ನು ಹೊರಗೆ ಬಿಟ್ಟು ಬನ್ನಿ, ಖಂಡಿತ ನೋಡುವಂಥದ್ದು.

ಮುಧೋಳ ತಾಲ್ಲೂಕಿನ ರೈತರೊಬ್ಬರು:

ಅಕ್ಕಾವರು ಹೇಳಿದ ತೂಕದ ಮಾತು ಕಬ್ಬು ಹೇರುವ ನಮಗೆಲ್ಲ ಗೊತ್ತಿರುವಂಥದ್ದೇ. ನಾನು ಹಿಂದಕ್ಕೆ ತೆಗೆಯುವ ಬಗ್ಗೆ ಹೇಳುತ್ತೇನೆ. ಸ್ಟೇರಿಂಗಿನ ಕೆಳಭಾಗವನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸ್ವಲ್ಪವೇ ಸರಿಸಿ. ಮೇಲ್ಭಾಗ ಹಿಡಿದರೆ ಎಲ್ಲವೂ ತಿರುಗುಮುರುಗಾಗಿ ಕಂಡು ಗೊಂದಲವಾಗುತ್ತದೆ. ಟ್ರೇಲರ್ ಮಡಚಿಕೊಳ್ಳತೊಡಗಿದರೆ ಹಟ ಮಾಡದೆ ಮುಂದಕ್ಕೆ ತೆಗೆದು, ನೇರ ಮಾಡಿಕೊಂಡು ಮತ್ತೆ ಪ್ರಯತ್ನಿಸಿ. ಹೊರಡುವ ಮೊದಲು ಖಾಲಿ ಮೈದಾನದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿ, ಯಜಮಾನತಿಯವರು ಹಿಂದೆ ನಿಂತು ಕೈ ತೋರಿಸುವುದನ್ನು ರೂಢಿಸಿಕೊಳ್ಳಲಿ.

ಕತ್ತಲಾದ ಮೇಲೆ ಮಾತ್ರ ಓಡಿಸಲೇಬೇಡಿ. ಆ ಹೊತ್ತಿಗೆ ಕಬ್ಬಿನ ಹಂಗಾಮು ಕೆಲವು ಕಡೆ ಮುಗಿದಿರುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗೆ ಸಾಗುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿರುವುದಿಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಬಿದ್ದಾಗ ಅವು ಕಾಣಿಸುವುದೇ ಇಲ್ಲ. ನಮ್ಮವರನ್ನೇ ಹೀಗೆ ಕಳೆದುಕೊಂಡಿದ್ದೇವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಜಯಪುರದಿಂದ ಒಬ್ಬರು:

ಬಾಗಲಕೋಟೆ ದಾಟಿ ನಮ್ಮ ಕಡೆಗೆ ಬರುವಾಗ ಕೊಲ್ಹಾರದ ಬಳಿ ಕೃಷ್ಣೆಯ ಉದ್ದನೆಯ ಸೇತುವೆ ಸಿಗುತ್ತದೆ. ಹಿನ್ನೀರಿನ ಮೇಲಿಂದ ಬೀಸುವ ಗಾಳಿ ಟ್ರೇಲರಿನ ಪಕ್ಕೆಗೆ ನೇರವಾಗಿ ಹೊಡೆಯುತ್ತದೆ. ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚಿಗೆ ಓಡಿಸದೆ, ಲಾರಿಗಳು ಹಿಂದಿಕ್ಕಲು ಬಂದರೆ ಬಿಟ್ಟುಕೊಡಿ. ಗೋಳಗುಮ್ಮಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಪಿಸುಮಾತು ಗೋಡೆಯಗುಂಟ ಆಚೆ ಬದಿಗೆ ಕೇಳಿಸಬೇಕಾದರೆ ಒಳಗೆ ಜನರ ಕೂಗಾಟ ಇರಬಾರದು. ಕಿರಿದಾದ ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಹತ್ತಬೇಕು, ಪ್ರತಿ ಅಂತಸ್ತಿನಲ್ಲೂ ನಿಂತು ದಣಿವಾರಿಸಿಕೊಳ್ಳಿ. ಸೇತುವೆ ದಾಟಿದ ಮೇಲೆ ಕೊಲ್ಹಾರದಲ್ಲಿ ಮಣ್ಣಿನ ಕುಡಿಕೆಯ ಗಟ್ಟಿ ಮೊಸರು ಸಿಗುತ್ತದೆ. ಮಧ್ಯಾಹ್ನದ ಊಟಕ್ಕೆ ಎರಡು ಕುಡಿಕೆ ತೆಗೆದುಕೊಂಡು, ಒದ್ದೆ ಬಟ್ಟೆ ಸುತ್ತಿ ಒಲೆಯಿಂದ ದೂರ ಇಡಿ.