ಈ ಚಳಿಗೆ ಎಂಥ ಸನ್‌ಸ್ಕ್ರೀನ್?

ಕೊಡಗಿನ ಸಿದ್ದಾಪುರ ಹತ್ತಿರದ ತೋಟದ ಮನೆಯಿಂದ ಕೇಳುತ್ತಿದ್ದೇನೆ. ಈಗ ಕಾಫಿ ಕೊಯ್ಲು. ಗಂಡ, ಮಾವ, ನಾನು ದಿನವಿಡೀ ಕಣದಲ್ಲಿ. ನನ್ನ ಕೆನ್ನೆ ಮೇಲೆ ಬಂಗು ಶುರುವಾಗಿದೆ. ಏಳು ವರ್ಷದ ಮಗ, ಐದು ತಿಂಗಳ ಪಾಪು ಇದ್ದಾರೆ. ಮನೆಗೆಲ್ಲ ಒಂದೇ ಸನ್‌ಸ್ಕ್ರೀನ್ ಸಾಕಾ? ಯಾವುದು ನೋಡಿ ತೆಗೆದುಕೊಳ್ಳಲಿ? ಮಾವನಂತೂ “ಈ ಚಳಿಗೆ ಎಂಥ ಸನ್‌ಸ್ಕ್ರೀನ್” ಎಂದು ನಗುತ್ತಾರೆ.

ಮಡಿಕೇರಿ ಕಡೆಯಿಂದ:
ನಿಮ್ಮ ಮಾವನ ಮಾತನ್ನೇ ನಾನೂ ಹತ್ತು ವರ್ಷ ಹೇಳಿಕೊಂಡು ಬಂದವಳು. ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡೇ ಕಣದಲ್ಲಿ ಕಾಫಿ ತಿರುವಿ ಹಾಕುತ್ತಿದ್ದೆ. ಸೆಕೆಯೇ ಆಗುವುದಿಲ್ಲವಲ್ಲ, ಬಿಸಿಲಿದೆ ಅಂತಲೇ ಅನ್ನಿಸುತ್ತಿರಲಿಲ್ಲ. ಸಂಜೆ ಮುಖ ತೊಳೆದರೆ ಮೂಗು ಚುರುಚುರು. ಚರ್ಮ ಸುಡುವುದು ಬಿಸಿಲಿನ ಕಾವಿನಿಂದ ಅಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣದಿಂದ. ಗಾಳಿ ತಣ್ಣಗಿದ್ದರೆ ಅದಕ್ಕೇನು? ತೆಳು ಮೋಡವನ್ನೂ ದಾಟಿ ಬರುತ್ತದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಏರುತ್ತದೆ, ನಮ್ಮ ಮಡಿಕೇರಿಯೋ 1100 ಮೀಟರ್‌ಗಿಂತ ಮೇಲಿದೆ. ತೋಟದ ಒಳಗಾದರೆ ಸಿಲ್ವರ್ ಓಕ್ ನೆರಳಾದರೂ ಇದೆ. ಕಣದಲ್ಲಿ ಏನಿದೆ, ಸಿಮೆಂಟು ನೆಲ ಬಿಟ್ಟರೆ?

ಟ್ಯೂಬಿನ ಮೇಲೆ ಎರಡೇ ವಿಷಯ ನೋಡಿ. ಎಸ್‌ಪಿಎಫ್ ಅಂದರೆ ಬಿಸಿಲು ತಡೆಯುವ ಶಕ್ತಿಯ ನಂಬರು; ಅದು 30 ಇದ್ದರೆ ಚರ್ಮ ಸುಡುವ ಯುವಿಬಿ ಎಂಬ ಅತಿನೇರಳೆ ಕಿರಣದಲ್ಲಿ ಸುಮಾರು ಶೇ. 97ನ್ನು ತಡೆಯುತ್ತದೆ, 50 ಇದ್ದರೆ ಶೇ. 98. ವ್ಯತ್ಯಾಸ ಅಷ್ಟೇ! ಆದರೆ ಕೈಬಿಗಿ ಮಾಡಿ ತೆಳ್ಳಗೆ ಹಚ್ಚುವವರಿಗೆ 50 ಒಳ್ಳೆಯದು. ಇನ್ನೊಂದು, ಯುವಿಎ, ಅದೂ ಅತಿನೇರಳೆ ಕಿರಣವೇ. ಕಪ್ಪು ಕಲೆಗೆ ಇದರ ಪಾಲೂ ಇದೆ, ಕಿಟಕಿ ಗಾಜು ದಾಟಿಯೂ ಬರುತ್ತದೆ. ಎಸ್‌ಪಿಎಫ್ ನಂಬರಿನಲ್ಲಿ ಇದರ ಲೆಕ್ಕ ಇಲ್ಲ. ಇದನ್ನು ಎಷ್ಟು ತಡೆಯುತ್ತದೆ ಎನ್ನುವುದಕ್ಕೆ ‘ಪಿಎ’ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ, ಮೂರೋ ನಾಲ್ಕೋ ಇರಲಿ.

ನಾನು ಕೆಟ್ಟಿದ್ದು ಅಳತೆಯಲ್ಲಿ. ಕಡಲೆಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರುತ್ತಿದ್ದೆ. 50 ಗ್ರಾಂ ಟ್ಯೂಬ್ ಒಂದು ವರ್ಷ ಬಂತು, ಅದೇ ನನಗೆ ಹೆಮ್ಮೆ ಬೇರೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಂಡರೆ ಮುಖ, ಕುತ್ತಿಗೆಗೆ ಸರಿಹೋಗುತ್ತದೆ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಈ ಅಳತೆಯಲ್ಲಿ ದಿನಕ್ಕೆರಡೇ ಸಲ ಹಚ್ಚಿದರೂ ಟ್ಯೂಬ್ ತಿಂಗಳೊಳಗೆ ಖಾಲಿ. ಅಷ್ಟು ದುಡ್ಡು ಆಗಲ್ಲ ಅನ್ನಿಸಿದರೆ ಕೈಗೆಲ್ಲ ಕ್ರೀಮ್ ಬೇಡ, ತುಂಬು ತೋಳಿನ ಅಂಗಿ ಹಾಕಿ. ಮುಖಕ್ಕೆ ಮಾತ್ರ ಕಂಜೂಸು ಮಾಡಬೇಡಿ.

ವಿರಾಜಪೇಟೆಯಿಂದ:
ಬಂಗು ಅಂದಿರಲ್ಲ, ಒಂದು ಮಾತು. ನನಗೂ ಎರಡನೇ ಹೆರಿಗೆ ಆದಮೇಲೆ ಬಂತು. ಅಂಗಡಿಯೊಂದರಲ್ಲಿ ಕೇಳಿದಾಗ “ಬಿಸಿಲಿಗೂ ಆಗುತ್ತದೆ, ಕಲೆಗೂ ಆಗುತ್ತದೆ” ಎಂದು ಒಂದು ಟ್ಯೂಬ್ ಕೊಟ್ಟರು. ಹದಿನೈದು ದಿನಕ್ಕೆ ಮುಖ ಬೆಳ್ಳಗೆ. ಎಲ್ಲರೂ ಕೇಳುವವರೇ, ಏನು ಹಚ್ಚುತ್ತೀರಿ ಅಂತ. ನಿಲ್ಲಿಸಿದ ವಾರಕ್ಕೆ ಮುಖವೆಲ್ಲ ಕೆಂಪು, ಉರಿ, ಮೊಡವೆ. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ನೋಡಿ, ಇದರಲ್ಲಿ ಮೊಮೆಟಾಸೋನ್ ಇದೆಯಲ್ಲಮ್ಮ, ಇದು ಸ್ಟಿರಾಯ್ಡ್ ಎಂದರು. ಸರಿಹೋಗಲು ತಿಂಗಳುಗಟ್ಟಲೆ ಬೇಕಾಯಿತು. ಹಿಂಬದಿಯ ಸಣ್ಣ ಅಕ್ಷರ ಓದದೆ ಏನೂ ಹಚ್ಚಬೇಡಿ. ಈಗ ನಾನು ಬಳಸುವುದು ಚರ್ಮದ ಬಣ್ಣವೇ ಇರುವ ಸನ್‌ಸ್ಕ್ರೀನ್. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ, ಇದು ಅದನ್ನೂ ತಡೆಯುತ್ತದೆ. ಕಲೆ ಪೂರ್ತಿ ಹೋಗಿಲ್ಲ, ತಿಳಿಯಾಗಿದೆ.

ಸೋಮವಾರಪೇಟೆಯಿಂದ:
ಪಾಪುಗೆ ಈಗ ಏನೂ ಹಚ್ಚಬೇಡಿ. ಆರು ತಿಂಗಳು ತುಂಬುವ ತನಕ ನೆರಳು, ಟೋಪಿ, ತೆಳು ಹತ್ತಿ ಬಟ್ಟೆ, ಇಷ್ಟೇ ಎಂದು ನಮ್ಮ ಮಕ್ಕಳ ಡಾಕ್ಟರು ಹೇಳಿದ್ದು. ದೊಡ್ಡವನಿಗೆ ಜಿಂಕ್ ಆಕ್ಸೈಡ್ ಇರುವುದು, ಪರಿಮಳ ಇಲ್ಲದ್ದು ತನ್ನಿ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ, ನನ್ನ ಮಗ ಅದಕ್ಕೇ ಓಡಿಹೋಗುತ್ತಿದ್ದ. ಏಪ್ರಿಲ್‌ನಲ್ಲಿ ಹಾಕಿ ಆಟದ ಶಿಬಿರಕ್ಕೆ ಹೋದಾಗ ಮುಖಕ್ಕೆ ಹಚ್ಚಿ ಕಳಿಸಿದ್ದೆ, ಕಿವಿ ಮರೆತೆ. ಎರಡೂ ಕಿವಿಯ ತುದಿ ಸಿಪ್ಪೆ ಎದ್ದು ಬಂತು. ಕುತ್ತಿಗೆಯ ಹಿಂದೆಯೂ ಮರೆಯಬೇಡಿ. ಸೊಳ್ಳೆ ಕ್ರೀಮ್ ಕೂಡ ಹಚ್ಚುವುದಿದ್ದರೆ ಸನ್‌ಸ್ಕ್ರೀನ್ ಮೊದಲು, ಅದು ಆಮೇಲೆ.

ಗೋಣಿಕೊಪ್ಪಲಿನಿಂದ:
ಟ್ಯೂಬನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ನಮ್ಮದು ಕಾದು ಎಣ್ಣೆ ಬೇರೆ, ನೀರು ಬೇರೆ ಆಗಿತ್ತು. ಮಾವನಿಗೆ ಅಗಲ ಅಂಚಿನ ಟೋಪಿ ಕೊಡಿಸಿ, ಕ್ರೀಮ್ ವಾದ ಬೇಡ. ನಮ್ಮ ಅಜ್ಜಿ ತಲೆಗೆ ವಸ್ತ್ರ ಕಟ್ಟದೆ ಕಣಕ್ಕೆ ಇಳಿದದ್ದೇ ಇಲ್ಲ.

ಸಿದ್ದಾಪುರದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ನನಗೆ ಬಣ್ಣದ್ದು, ಮಗನಿಗೆ ಜಿಂಕ್‌ದು ತಂದಾಯಿತು. ಮಾವ ಟ್ಯೂಬ್ ಮುಟ್ಟಲಿಲ್ಲ. ಟೋಪಿ ಮಾತ್ರ ಬೆಳಿಗ್ಗೆಯೇ ಹಾಕಿಕೊಂಡು ಕಣಕ್ಕೆ ಹೋದರು.