ಇಪ್ಪತ್ತು ನಿಮಿಷಕ್ಕೆ ಗಾಡಿ ನಿಲ್ಲುತ್ತೆ, ಪಂಪ್ ಹೊಸದು, ಇನ್ನೇನು ಬಾಕಿ?

ಹಳೇಗಾಡಿ:
ತಲೆ ಕೆಟ್ಟು ಹೋಗಿದೆ. ಹಳೇ ಕಾರು, ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋದು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ ಓಡಿಸಿದರೆ ಪಿಕಪ್ ಸತ್ತು, ಜಗ್ಗಿ ಜಗ್ಗಿ ನಿಂತೇ ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಪೆಟ್ರೋಲ್ ಫಿಲ್ಟರ್ ಹೊಸದು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯೋ ಪಂಪ್ ಹೊಸದು, ಕಾರ್ಬ್ ಎರಡು ಸಲ ಬಿಚ್ಚಿ ತೊಳೆದಾಯಿತು.

ಬಿಸಿರಸ್ತೆ:
ವೇಪರ್ ಲಾಕ್. ಕಣ್ಣು ಮುಚ್ಚಿ ಹೇಳುತ್ತೇನೆ. ಪೈಪ್ ಎಕ್ಸಾಸ್ಟ್ ಹತ್ತಿರ ಹೋಗಿದ್ದರೆ ಪೆಟ್ರೋಲ್ ಒಳಗೇ ಕುದಿದು ಆವಿಯಾಗುತ್ತದೆ. ದೂರ ಸರಿಸಿ.

ಹಳೇಗಾಡಿ:
ಸರಿಸಿದೆ. ನಿನ್ನೆ ಮಳೆಯಲ್ಲೂ ನಿಂತಿತು.

ಬಿಸಿರಸ್ತೆ:
ಮಳೆ ಬಾನೆಟ್ ಮೇಲೆ ಸರ್, ಒಳಗಲ್ಲ. ಪಂಪ್ ಕೆಳಗೆ ಬಿಸಿ ತಡೆಯೋ ದಪ್ಪ ತುಂಡು, ಸ್ಪೇಸರ್, ಇದೆಯಾ? ಇಲ್ಲದಿದ್ದರೆ ಇಂಜಿನ್ ಬಿಸಿ ನೇರ ಪಂಪಿಗೆ.

ಪಾಯಿಂಟ್‌ಗ್ಯಾಪ್:
ಮೊದಲು ಪೆಟ್ರೋಲೋ ಕರೆಂಟೋ ನೋಡಿ. ನಿಂತ ತಕ್ಷಣ ಏರ್ ಕ್ಲೀನರ್ ತೆಗೆದು, ಕಾರ್ಬ್ ಬಾಯಿ ನೋಡುತ್ತಾ ಆಕ್ಸಿಲರೇಟರ್ ಎಳೆಯಿರಿ. ಪೆಟ್ರೋಲ್ ಚಿಮ್ಮಿದರೆ ಸ್ಪಾರ್ಕ್‌ಗೆ ಕರೆಂಟ್ ಕೊಡೋ ಕಾಯಿಲ್, ಕಂಡೆನ್ಸರ್ ಕಡೆ ಹೋಗಿ. ಚಿಮ್ಮದಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಹಳೇಗಾಡಿ:
ಚಿಮ್ಮಲಿಲ್ಲ. ಫಿಲ್ಟರ್ ಕೂಡ ಅರ್ಧ ಖಾಲಿ.

ಟ್ವಿನ್‌ಕಾರ್ಬ್:
ಫಿಲ್ಟರ್ ಅರ್ಧ ಖಾಲಿ ಕಾಣೋದು ಮಾಮೂಲು. ನಾನಂತೂ ಎಲೆಕ್ಟ್ರಿಕ್ ಪಂಪ್ ಹಾಕಿ, ರೆಗ್ಯುಲೇಟರ್‌ನಲ್ಲಿ ಪೆಟ್ರೋಲ್ ಒತ್ತಡ 3 ಪಿಎಸ್‌ಐಗೆ ಇಳಿಸಿದ್ದೇನೆ. ಎರಡು ಕಾರ್ಬ್, ಮಿರಮಿರ ಪಾಲಿಶ್. ಫೋಟೋ ಹಾಕಲಾ?

ಪಾಯಿಂಟ್‌ಗ್ಯಾಪ್:
ಬೇಡ. ಪಾಪ, ಅವರ ಗಾಡಿ ರಸ್ತೆಯಲ್ಲಿ ನಿಂತಿದೆ.

ತುಕ್ಕುಟ್ಯಾಂಕ್:
ಟ್ಯಾಂಕ್ ಫುಲ್ ಇದ್ದಾಗ ಬೇಗ ನಿಲ್ಲುತ್ತಾ, ಕಡಿಮೆ ಇದ್ದಾಗಲಾ?

ಹಳೇಗಾಡಿ:
ಫುಲ್ ಇದ್ದಾಗ. ಕಾಲು ಟ್ಯಾಂಕ್ ಇದ್ದರೆ ಮುಕ್ಕಾಲು ಗಂಟೆ ಓಡುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ತುಕ್ಕುಟ್ಯಾಂಕ್:
ತಳದ ಕಸ ಆಗಿದ್ದರೆ ಕಡಿಮೆ ಇದ್ದಾಗ ಕಾಟ ಜಾಸ್ತಿ ಇರುತ್ತಿತ್ತು. ನಿಮ್ಮದು ಉಲ್ಟಾ. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ವ್ಯಾಕ್ಯೂಮ್ ಕಟ್ಟಿಕೊಳ್ಳುತ್ತದೆ, ಪಂಪ್ ಎಷ್ಟು ಎಳೆದರೂ ಬರಲ್ಲ. ಫುಲ್ ಟ್ಯಾಂಕ್‌ನಲ್ಲಿ ಮೇಲೆ ಖಾಲಿ ಜಾಗ ಕಡಿಮೆ, ಅದಕ್ಕೇ ಬೇಗ ಕಟ್ಟುತ್ತದೆ. ಮುಂದಿನ ಸಲ ನಿಂತಾಗ ಮುಚ್ಚಳ ತೆಗೆದು ಕಿವಿ ಕೊಡಿ.

ಬಿಸಿರಸ್ತೆ:
ಸ್ಪೇಸರ್ ಬಗ್ಗೆ ಉತ್ತರ ಬರಲಿಲ್ಲ.

ಹಳೇಗಾಡಿ:
ಉಸ್ಸ್ ಅಂತ ಗಾಳಿ ಎಳೆದುಕೊಂಡಿತು! ಸ್ವಲ್ಪ ಸೆಲ್ಫ್ ಹೊಡೆದೆ, ಸ್ಟಾರ್ಟ್. ಹಳೇ ಮುಚ್ಚಳ ಕಳೆದುಹೋಗಿ ಬೀಗದ ಮುಚ್ಚಳ ಹಾಕಿಸಿದ್ದೆ. ಯೋಚಿಸಿದರೆ, ಆಮೇಲೇ ಶುರುವಾಗಿದ್ದು.

ಪಾಯಿಂಟ್‌ಗ್ಯಾಪ್:
ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ!

ಟ್ವಿನ್‌ಕಾರ್ಬ್:
ಮುಚ್ಚಳಕ್ಕೆ ಸಣ್ಣ ತೂತು ಕೊರೆಯಿರಿ, ಮುಗೀತು.

ತುಕ್ಕುಟ್ಯಾಂಕ್:
ಬೇಡ. ತಿರುವಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆ, ಮಳೆ ನೀರು ಇಳಿಯುತ್ತದೆ. ಗಾಳಿ ಕಿಂಡಿ ಇರೋ ಸರಿಯಾದ ಮುಚ್ಚಳ ಹಾಕಿ.

ಟ್ವಿನ್‌ಕಾರ್ಬ್:
ನನ್ನದು ತೂತಿನ ಮುಚ್ಚಳವೇ. ಒಂದು ಹನಿ ಚೆಲ್ಲಿಲ್ಲ.

ತುಕ್ಕುಟ್ಯಾಂಕ್:
ಗ್ಯಾರೇಜ್‌ನಲ್ಲೇ ನಿಂತಿದ್ದರೆ ಎಲ್ಲಿಂದ ಚೆಲ್ಲಬೇಕು?

ಹಳೇಗಾಡಿ:
ಕಿಂಡಿ ಇರೋ ಮುಚ್ಚಳ ಸಿಕ್ಕಿತು. ಫುಲ್ ಟ್ಯಾಂಕ್‌ನಲ್ಲಿ 60 ಕಿಲೋಮೀಟರ್ ಓಡಿಸಿದೆ, ಒಂದು ಸಲವೂ ಜಗ್ಗಲಿಲ್ಲ. ಸುಮ್ನೆ ಪಂಪ್‌ಗೆ ದುಡ್ಡು ಸುರಿದೆ.

ಬಿಸಿರಸ್ತೆ:
ಬೇಸಿಗೆ ಬರಲಿ, ನೋಡೋಣ.