ಬಿಲ್ಲು ಹಿಡಿದು ಮಿಸೌರಿಗೆ ಹೊರಟವರು ಕೇಳಿದ್ದು, ಪಶುವೈದ್ಯೆ ಹೇಳಿದ್ದು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮುಗಿಯುತ್ತಾ ಬಂತು. ಜಿಂಕೆಗಳ ಬೆದೆಗಾಲ, ಅಂದರೆ ರಟ್, ಹತ್ತಿರವಾಗಿದೆ. ಗುಂಪಿನ ಹಲವರು ರಜೆ ಹಾಕಿ ಬೇರೆ ರಾಜ್ಯದ ಪಬ್ಲಿಕ್ ಲ್ಯಾಂಡ್‌ಗೆ ಬಿಳಿಬಾಲದ ಜಿಂಕೆ ಹುಡುಕಿಕೊಂಡು ಹೊರಟಿದ್ದೀರಿ. ಇಂದು ಮಧ್ಯಾಹ್ನ 2ರಿಂದ ನಮ್ಮ ಗುಂಪಿನ ಪಶುವೈದ್ಯೆ ಉತ್ತರಿಸುತ್ತಾರೆ. ಅವರದು ತೀರ್ಥಹಳ್ಳಿ ಕಡೆಯ ಊರು, ಈಗ ಇರುವುದು ಮಿಸೌರಿ. 11 ವರ್ಷದಿಂದ ಬಿಲ್ಲಿನ ಬೇಟೆ ಮಾಡುತ್ತಿದ್ದಾರೆ. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಕೇಳಿ.

ಡಲ್ಲಾಸ್ ಸದಸ್ಯ: ನಮಸ್ತೆ ಡಾಕ್ಟ್ರೇ. ನಾನು ಟೆಕ್ಸಾಸ್‌ನವನು. ಹೊರಗಿನವರಿಗೆ ಪರ್ಮಿಟ್ ಲಾಟರಿಯಲ್ಲಿ ಸಿಗುತ್ತದೆ ಅಂತಾರೆ. ನಿಜವೇ?

ಡಾಕ್ಟರ್: ನಮಸ್ತೆ. ಅಯೋವಾದಲ್ಲಿ ಲಾಟರಿ. ಬಿಲ್ಲಿನ ಪರ್ಮಿಟ್‌ಗೆ ಕೆಲವು ವರ್ಷ ಪಾಯಿಂಟ್ ಕೂಡಿಸಿಕೊಂಡು ಕಾಯಬೇಕು. ಮಿಸೌರಿಯಲ್ಲಿ ಲಾಟರಿ ಇಲ್ಲ, ಆನ್‌ಲೈನ್‌ನಲ್ಲಿ ಕೊಳ್ಳಬಹುದು. ವಿಸ್ಕಾನ್ಸಿನ್‌ಗೆ ಹೋಗುವವರು 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ್ದರೆ ಹಂಟರ್ ಎಜುಕೇಷನ್ ಸರ್ಟಿಫಿಕೇಟ್ ಬೇಕು. ಮಿಸೌರಿಯಲ್ಲಿ ಜಿಂಕೆ ಬಿದ್ದ ದಿನವೇ ರಾತ್ರಿ 10ರೊಳಗೆ ಟೆಲಿಚೆಕ್ ಮಾಡಿ, ಅಂದರೆ ಬೇಟೆಯನ್ನು ಇಲಾಖೆಗೆ ವರದಿ ಮಾಡಿ. ಮೆಕ್ಕೆಜೋಳ ಚೆಲ್ಲಿ ಜಿಂಕೆ ಕರೆಯುವುದು ಇಲ್ಲಿ ಅಪರಾಧ.

ಶಿಕಾಗೋ ಸದಸ್ಯ: ಮೇಡಂ, ಸಿಡಬ್ಲ್ಯುಡಿ, ಅಂದರೆ ಜಿಂಕೆಯ ಮಿದುಳು ಕೆಡಿಸುವ ರೋಗ, ಇರುವ ಜಿಂಕೆಯ ಮಾಂಸ ಕುಕ್ಕರ್‌ನಲ್ಲಿ ಹತ್ತು ಸೀಟಿ ಕೂಗಿಸಿದರೆ ತಿನ್ನಬಹುದಲ್ವಾ?

ಡಾಕ್ಟರ್: ಬೇಡ. ಅದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅಂತ, ಮಡಿಕೆ ತಪ್ಪಿದ ಪ್ರೋಟೀನ್. ಅಡುಗೆಯ ಬಿಸಿಗೆ ಸಾಯಲು ಅದಕ್ಕೆ ಜೀವವೇ ಇಲ್ಲ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡ ರೋಗ, 2002ಕ್ಕೆ ವಿಸ್ಕಾನ್ಸಿನ್‌ಗೆ ಬಂದಿತ್ತು. ಮನುಷ್ಯರಿಗೆ ಬಂದದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ಪಾಸಿಟಿವ್ ಬಂದ ಜಿಂಕೆಯನ್ನು ತಿನ್ನಬೇಡಿ ಅಂತಲೇ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಗಂಟಲ ಹಿಂದಿನ ದುಗ್ಧಗ್ರಂಥಿ ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ ಬೇರೆ ಇರಲಿ. ತಲೆ, ಬೆನ್ನುಮೂಳೆ ಸಮೇತ ಇಡೀ ಜಿಂಕೆಯನ್ನು ಕಾರಿಗೆ ಹಾಕಿಕೊಂಡು ಗಡಿ ದಾಟಬೇಡಿ. ಹಲವು ರಾಜ್ಯಗಳಲ್ಲಿ ಅದಕ್ಕೆ ನಿಷೇಧ ಇದೆ. ಮೂಳೆ ಬಿಡಿಸಿದ ಮಾಂಸ ಮಾತ್ರ ತನ್ನಿ.

ಓವರ್‌ಲ್ಯಾಂಡ್ ಪಾರ್ಕ್ ಸದಸ್ಯೆ: ಅಕ್ಕ, ನಾನು ಬೇಟೆಯವಳಲ್ಲ, ನಮ್ಮ ಯಜಮಾನರು ಹೋಗುವುದು. ಸೀಸನ್ ಶುರುವಾದ ವಾರ ಓಜಾರ್ಕ್ಸ್ ಬೆಟ್ಟಗಾಡಿಗೆ ಹೋಗಿದ್ದರು. ಬಂದಾಗ ಕಾಲಿನ ಗೆಣ್ಣಿನ ಸುತ್ತ ರಾಗಿ ಕಾಳಿಗಿಂತ ಸಣ್ಣ ಹುಳ, ನೂರಾರು ಇದ್ದವು. ತುರಿಕೆ ವಾರಗಟ್ಟಲೆ ಇತ್ತು. ಕಳೆದ ಎರಡು ಭಾನುವಾರ ರಾತ್ರಿ 9ಕ್ಕೆ ಮಟನ್ ಸಾರು ಊಟ ಮಾಡಿದ್ದೇವೆ. ಎರಡು ಸಲವೂ ರಾತ್ರಿ 1 ಗಂಟೆ ಹೊತ್ತಿಗೆ ಅವರ ಮೈಯೆಲ್ಲಾ ಗಂಧೆ ಎದ್ದಿತು. ಎರಡನೇ ಸಲ ತುಟಿ ಊದಿತು, ಹೊಟ್ಟೆ ನುಲಿಯಿತು, ಬಚ್ಚಲಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಡಾಕ್ಟರು ಅಲರ್ಜಿ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಅತ್ತೆ ಪಿತ್ತ ಅಂತಾರೆ. ಬರುವ ಶನಿವಾರ ನೆಂಟರಿಗೆ ಅವರೇ ಹೊಡೆದ ಜಿಂಕೆಯ ಪಲ್ಯ ಮಾಡುವುದು ಅಂತಿದೆ. ಮಾಡಲೇ?

ಡಾಕ್ಟರ್: ತಂಗಿ, ಅವರಿಗೆ ಒಂದು ತುಂಡೂ ಕೊಡಬೇಡ. ಇವತ್ತಿನಿಂದಲೇ ಮಟನ್, ದನ, ಹಂದಿ, ಜಿಂಕೆ ಎಲ್ಲಾ ನಿಲ್ಲಿಸು. ನಾನು ಪಶುವೈದ್ಯೆ, ಮನುಷ್ಯರಿಗೆ ಔಷಧಿ ಬರೆಯುವವಳಲ್ಲ. ಆದರೆ ನೀನು ಬರೆದದ್ದು ಓದಿ ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ.

ಇದು ಆಲ್ಫಾ-ಗ್ಯಾಲ್ ಅಲರ್ಜಿ ಇರಬಹುದು. ಆಲ್ಫಾ-ಗ್ಯಾಲ್ ಅನ್ನುವುದು ಒಂದು ಸಕ್ಕರೆ ಅಂಶ. ಆಡು, ಕುರಿ, ದನ, ಹಂದಿ, ಜಿಂಕೆ ಇವುಗಳ ಮೈಯಲ್ಲಿ ಇದೆ, ನಮ್ಮಲ್ಲಿ ಇಲ್ಲ. ಲೋನ್ ಸ್ಟಾರ್ ಉಣುಗು ಕಚ್ಚಿದಾಗ ಕೆಲವರ ರಕ್ತ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಬೆಳೆದ ಹೆಣ್ಣು ಉಣುಗಿನ ಬೆನ್ನ ಮೇಲೆ ಬಿಳಿ ಚುಕ್ಕೆ ಇರುತ್ತದೆ. ನಿಮ್ಮವರ ಕಾಲಿಗೆ ಹತ್ತಿದ್ದು ಅದರ ಮರಿಗಳೇ ಇರಬೇಕು. ಬೇಸಿಗೆ ಕೊನೆಯಲ್ಲಿ ಓಜಾರ್ಕ್ಸ್‌ನಲ್ಲಿ ಅವು ಹಿಂಡುಹಿಂಡಾಗಿ ಎಲೆಯ ಮೇಲೆ ಕಾಯುತ್ತಿರುತ್ತವೆ. ಕಚ್ಚಿ ಕೆಲವು ವಾರ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಮಾಂಸ ತಿಂದಾಗ ಮೈ ತಿರುಗಿ ಬೀಳುತ್ತದೆ.

ಡಾಕ್ಟರುಗಳಿಗೂ ಇದು ಸುಲಭಕ್ಕೆ ಸಿಗದಿರಲು ಕಾರಣ ಹೊತ್ತು. ಶೇಂಗಾ ಅಲರ್ಜಿ ನಿಮಿಷಗಳಲ್ಲಿ ಏಳುತ್ತದೆ. ಇದು 2ರಿಂದ 6 ಗಂಟೆ ಬಿಟ್ಟು ಏಳುತ್ತದೆ. 9ಕ್ಕೆ ಊಟ, 1ಕ್ಕೆ ಗಂಧೆ. ರಾತ್ರಿಯ ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅಮೆರಿಕದಲ್ಲಿ 2010ರಿಂದ ಸುಮಾರು 4.5 ಲಕ್ಷ ಜನರಿಗೆ ಇದು ಬಂದಿರಬಹುದು ಅಂತ 2023ರಲ್ಲಿ ಸಿಡಿಸಿ ಅಂದಾಜು ಮಾಡಿತು.

ನನಗೆ ಹೆದರಿಕೆ ಆಗಿರುವುದು ಎರಡನೇ ಸಲದ ವಿಷಯಕ್ಕೆ. ಚರ್ಮದ ಜೊತೆ ಹೊಟ್ಟೆಯೂ ಕೆಟ್ಟು ತಲೆ ಸುತ್ತಿದೆ ಅಂದರೆ ಅದು ಬರೀ ಗಂಧೆ ಅಲ್ಲ, ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾಗುವ ಅಲರ್ಜಿ. ಮೂರನೇ ಸಲ ಹಗುರವಾಗಿ ಬರುತ್ತದೆ ಅಂತ ಯಾರೂ ಹೇಳಲಾರರು. ನಾಳೆ ಬೆಳಿಗ್ಗೆಯೇ ಅವರ ಡಾಕ್ಟರಿಗೆ ಫೋನ್ ಮಾಡು. "ಆಲ್ಫಾ-ಗ್ಯಾಲ್ ಐಜಿಇ ರಕ್ತಪರೀಕ್ಷೆ ಬೇಕು, ಎಪಿನೆಫ್ರಿನ್ ಪೆನ್ ಬೇಕು, ಅಲರ್ಜಿ ತಜ್ಞರ ಹತ್ತಿರ ಕಳಿಸಿ" ಅಂತ ಇದೇ ಮಾತಿನಲ್ಲಿ ಕೇಳು. ಆ ಪೆನ್ ಅಂದರೆ ಅಲರ್ಜಿ ಜೋರಾದಾಗ ತಕ್ಷಣ ಚುಚ್ಚಿಕೊಳ್ಳುವ ಔಷಧಿ. ಅಷ್ಟರೊಳಗೆ ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ತಲೆ ಸುತ್ತಿದರೆ 911. ಕಾರಿನಲ್ಲಿ ಕೂರಿಸಿಕೊಂಡು ನೀನೇ ಓಡಿಸಬೇಡ.

ಮೂರು ವಿಷಯ ಹೇಳು. ಹಾಲು, ತುಪ್ಪ ತಿಂದಾಗ ಏನಾದರೂ ಆಗಿದೆಯಾ? ಕೋಳಿ, ಮೀನು ತಿಂದಾಗ? ಕ್ಯಾಪ್ಸೂಲ್ ಏನಾದರೂ ದಿನಾ ನುಂಗುತ್ತಾರಾ?

ಫ್ರೀಮಾಂಟ್ ಸದಸ್ಯ: ಪಿತ್ತದ ಗಂಧೆಗೆ ಪುನರ್ಪುಳಿ ಸಾರು ಕುಡಿದು ಕಂಬಳಿಯಲ್ಲಿ ಮೈ ಉಜ್ಜಿದರೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಫಾರ್ವರ್ಡ್ ಹಾಕಿದ್ದೇನೆ ನೋಡಿ. ಉಣುಗು ಕಚ್ಚಿದ ಜಾಗಕ್ಕೆ ಸೀಮೆಎಣ್ಣೆ ಹಚ್ಚಬೇಕು, ತಾನಾಗಿ ಬಿಡುತ್ತದೆ.

ಡಾಕ್ಟರ್: ಪುನರ್ಪುಳಿ ಸಾರು ನಮ್ಮ ಮನೆಯಲ್ಲೂ ಮಾಡುತ್ತೇವೆ, ಊಟಕ್ಕೆ. ಗಂಟಲು ಊದುತ್ತಿರುವ ಮನುಷ್ಯನಿಗೆ ಅರ್ಧ ಗಂಟೆ ಇರುವುದಿಲ್ಲ. ಇನ್ನು ಸೀಮೆಎಣ್ಣೆ, ವ್ಯಾಸಲೀನ್, ನೇಲ್ ಪಾಲಿಶ್, ಬೆಂಕಿಕಡ್ಡಿ ಯಾವುದೂ ಬೇಡ. ಕೆರಳಿದ ಉಣುಗು ತನ್ನ ಜೊಲ್ಲನ್ನು ಇನ್ನಷ್ಟು ಒಳಗೆ ಬಿಡಬಹುದು. ಚೂಪು ಮೂತಿಯ ಚಿಮಟ ತಗೊಂಡು, ಚರ್ಮದ ಹತ್ತಿರ ಹಿಡಿದು, ನೇರ ಮೇಲಕ್ಕೆ ಎಳೆಯಿರಿ. ನಾನು ಹುಟ್ಟಿದ್ದು ಮಂಗನ ಕಾಯಿಲೆಯ ಸೀಮೆಯಲ್ಲಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಆ ಕಾಯಿಲೆಯೂ ಉಣುಗಿನಿಂದಲೇ. ದರಗು ತರಲು ಹೋದವರು ಜ್ವರದಿಂದ ಮಲಗಿದ್ದನ್ನು ಕಂಡವಳು ನಾನು. ಆ ಫಾರ್ವರ್ಡ್ ಅಳಿಸಿ.

ಫ್ರೀಮಾಂಟ್ ಸದಸ್ಯ: ಹಿರಿಯರ ಜ್ಞಾನಕ್ಕೆ ಬೆಲೆಯೇ ಇಲ್ಲ ಹಾಗಾದರೆ.

ಓವರ್‌ಲ್ಯಾಂಡ್ ಪಾರ್ಕ್ ಸದಸ್ಯೆ: ಅಕ್ಕ, ಕೋಳಿ, ಮೀನಿಗೆ ಏನೂ ಆಗಿಲ್ಲ. ಹಾಲು ಕುಡಿಯುತ್ತಾರೆ, ಆದರೆ ಐಸ್‌ಕ್ರೀಂ ತಿಂದ ರಾತ್ರಿ ಹೊಟ್ಟೆ ಉರಿ ಅಂದಿದ್ದರು. ದಿನಾ ವಿಟಮಿನ್ ಡಿ ಕ್ಯಾಪ್ಸೂಲ್ ನುಂಗುತ್ತಾರೆ.

ಡಾಕ್ಟರ್: ಐಸ್‌ಕ್ರೀಂ ವಿಷಯ ಡಾಕ್ಟರಿಗೆ ತಪ್ಪದೆ ಹೇಳು. ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್ ಆಗಿರಬಹುದು, ಅದೂ ಪ್ರಾಣಿಯದೇ. ಬಾಟಲಿ ತೋರಿಸಿ ಕೇಳು. ಮುಂದೆ ಯಾವ ಆಪರೇಷನ್ ಇದ್ದರೂ ಇದನ್ನು ಮೊದಲೇ ಹೇಳಬೇಕು. ಕೆಲವರಿಗೆ ಮತ್ತೆ ಉಣುಗು ಕಚ್ಚದಿದ್ದರೆ ವರ್ಷಗಳಲ್ಲಿ ಕಡಿಮೆಯಾಗುತ್ತದೆ. ಕಚ್ಚಿದರೆ ಮತ್ತೆ ಏರುತ್ತದೆ. ಕಾಡಿಗೆ ಹೋಗಲೇಬೇಕು ಅಂದರೆ ಬಟ್ಟೆ, ಬೂಟಿಗೆ 0.5 ಶೇಕಡಾ ಪರ್ಮೆತ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ, ಪೂರ್ತಿ ಒಣಗಿಸಿ ಹಾಕಿಕೊಳ್ಳಲಿ. ಚರ್ಮಕ್ಕೆ ಹಚ್ಚಬಾರದು. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಬಟ್ಟೆಯ ಹತ್ತಿರ ಬಿಡಬೇಡ, ಬೆಕ್ಕಿಗೆ ಅದು ವಿಷ.

ನ್ಯೂಜೆರ್ಸಿ ಸದಸ್ಯ: ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಮುಟ್ಟಿದರೆ ಜೈಲು. ಇಲ್ಲಿಗೆ ಬಂದು ರಜೆ ಹಾಕಿ ಕೊಲ್ಲುತ್ತೀರಿ. ದೇವರೇ ಉಣುಗಿನ ರೂಪದಲ್ಲಿ ಬುದ್ಧಿ ಕಲಿಸುತ್ತಿದ್ದಾನೆ.

ಸೇಂಟ್ ಲೂಯಿಸ್ ಸದಸ್ಯ: ಒಬ್ಬರ ಗಂಡನಿಗೆ ಹುಷಾರಿಲ್ಲದಾಗ ಆಡುವ ಮಾತೇ ಇದು? ನಾನು ಕೊಡಗಿನವನು. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡಿ ಬೆಳೆದವನು. ಇಲ್ಲಿ ತೋಳ ಇಲ್ಲ, ಜಿಂಕೆ ಹೆಚ್ಚಿ ಕಾಡಿನ ಸಸಿ ಮೇಲೇಳುವುದಿಲ್ಲ. ನಾವು ಕೊಳ್ಳುವ ಬಿಲ್ಲಿನ ಮೇಲಿನ 11 ಶೇಕಡಾ ತೆರಿಗೆ 1937ರ ಕಾನೂನಿನ ಪ್ರಕಾರ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ನೀವು ಎಷ್ಟು ಕೊಟ್ಟಿದ್ದೀರಿ?

ನ್ಯೂಜೆರ್ಸಿ ಸದಸ್ಯ: ದುಡ್ಡು ಕೊಟ್ಟರೆ ಹಿಂಸೆ ಪುಣ್ಯ ಆಗುತ್ತದಾ? ಬಾಣ ತಗುಲಿ ಗಂಟೆಗಟ್ಟಲೆ ನರಳುವುದು ನೋಡಿದ್ದೀರಾ?

ಡಾಕ್ಟರ್: ನೋಡಿದ್ದೇನೆ. ಅದಕ್ಕೇ 20 ಗಜಕ್ಕಿಂತ ದೂರಕ್ಕೆ ಬಾಣ ಬಿಡುವುದಿಲ್ಲ. ಪಕ್ಕೆ ಪೂರ್ತಿ ನನ್ನ ಕಡೆ ಇರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ಎದುರು ಮುಖ ನಿಂತಿದ್ದರೆ ಬಿಲ್ಲು ಇಳಿಸುತ್ತೇನೆ. ಕೇಳಿದ್ದು ಸರಿಯಾದ ಪ್ರಶ್ನೆ, ಹೇಳಿದ ರೀತಿ ಸರಿಯಿಲ್ಲ.

ಪಿಯೋರಿಯಾ ಸದಸ್ಯ: ಅರ್ಜೆಂಟ್. ಈಗ ಕಾಡಿನಲ್ಲೇ, ಮರದ ಮೇಲಿನ ಅಟ್ಟಣೆಯಲ್ಲಿ ಇದ್ದೇನೆ. ಅರ್ಧ ಗಂಟೆ ಹಿಂದೆ ಹೊಡೆದೆ. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಿಧಾನ ನಡೆದು ಹೋಯಿತು. ಇಳಿದು ಬಾಣ ನೋಡಿ ಮತ್ತೆ ಹತ್ತಿದ್ದೇನೆ, ಅದರ ಮೇಲೆ ಹಸಿರು, ಕೆಟ್ಟ ವಾಸನೆ. ಹಿಂದೆ ಹೋಗಲೇ?

ಸೇಂಟ್ ಲೂಯಿಸ್ ಸದಸ್ಯ: ಹೋಗಬೇಡಿ! ಕರುಳಿಗೆ ಬಿದ್ದಿದೆ. ಸದ್ದಿಲ್ಲದೆ ಇಳಿದು ಬಂದ ದಾರಿಯಲ್ಲೇ ವಾಪಸ್ ಹೋಗಿ. 8ರಿಂದ 12 ಗಂಟೆ ಬಿಡಿ. ಓಡಿಸಿದರೆ ಎರಡು ಮೈಲಿ ಹೋಗಿ ಸಾಯುತ್ತದೆ, ನಿಮಗೂ ಸಿಗುವುದಿಲ್ಲ.

ಆಸ್ಟಿನ್ ಸದಸ್ಯ: 12 ಗಂಟೆ ಬಿಟ್ಟರೆ ಮಾಂಸ ಕೆಡುತ್ತದೆ, ನರಿಗಳ ಪಾಲಾಗುತ್ತದೆ. ಈಗಲೇ ಹುಡುಕಿ.

ಸೇಂಟ್ ಲೂಯಿಸ್ ಸದಸ್ಯ: ನೀವು ಬಿಲ್ಲಿನಲ್ಲಿ ಎಷ್ಟು ಜಿಂಕೆ ಹೊಡೆದಿದ್ದೀರಿ ಸ್ವಾಮಿ?

ಆಸ್ಟಿನ್ ಸದಸ್ಯ: ಅದು ನಿಮಗೆ ಬೇಡದ ವಿಷಯ. ಸುಮ್ನೆ ದೊಡ್ಡಸ್ತಿಕೆ ಬೇಡ.

ಡಾಕ್ಟರ್: ಕೊಡಗಿನವರ ಮಾತು ಕೇಳಿ, ಕಾಯಿರಿ. ಎದೆಗೂಡಿಗೆ ಬಿದ್ದಿದ್ದರೆ ಅರ್ಧ ಗಂಟೆ ಸಾಕಿತ್ತು, ಇದು ಹಾಗಲ್ಲ. ಬಾಣ ಬಿದ್ದ ಜಾಗವನ್ನು ಫೋನ್ ಮ್ಯಾಪ್‌ನಲ್ಲಿ ಗುರುತು ಮಾಡಿ. ಹಗ್ಗ ಕಟ್ಟಿ ಹಿಡಿದ ನಾಯಿಯಿಂದ ಹುಡುಕಿಸಬಹುದಾ ಅಂತ ಅಲ್ಲಿನ ಕನ್ಸರ್ವೇಷನ್ ಅಧಿಕಾರಿಗೆ ಫೋನ್ ಮಾಡಿ. ಮಿಸೌರಿಯಲ್ಲಿ ಇದ್ದರೆ, ಮರಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಅದು ಖಾಸಗಿ ಜಮೀನು, ಒಳಗೆ ಕಾಲಿಡಬೇಡಿ ಅಂತ ಅರ್ಥ. ರಕ್ತದ ಜಾಡು ಅಲ್ಲಿಗೆ ಹೋದರೂ ಮಾಲೀಕರನ್ನು ಕೇಳದೆ ದಾಟಬೇಡಿ. ಮರದಿಂದ ಇಳಿಯುವಾಗ ಮೈಗೆ ಕಟ್ಟಿದ ಹಾರ್ನೆಸ್ ಹಗ್ಗ ಬಿಚ್ಚದೆ ನೆಲದವರೆಗೆ ಇಳಿಯಿರಿ. ಕೈ ನಡುಗುವ ಹೊತ್ತು ಇದು.

ಹ್ಯೂಸ್ಟನ್ ಸದಸ್ಯ: ಸಿಡಬ್ಲ್ಯುಡಿ ಮಾಂಸ ಚೆನ್ನಾಗಿ ಬೇಯಿಸಿದರೆ ಓಕೆನಾ ಮೇಡಂ?

ಡಾಕ್ಟರ್: ಮೇಲೆ ಇದೆ.

ಅಟ್ಲಾಂಟಾ ಸದಸ್ಯ: ಎಚ್-1ಬಿಯಲ್ಲಿ ಇರುವವರು ಬಿಲ್ಲು ಇಟ್ಟುಕೊಳ್ಳಬಹುದಾ? ಕೊಂಬನ್ನು ಬೆಂಗಳೂರಿಗೆ ಒಯ್ಯಬಹುದಾ?

ಕೊಲಂಬಸ್ ಸದಸ್ಯ: ಫ್ರೀಜರ್‌ನಲ್ಲಿ ಆರು ತಿಂಗಳು ಇಟ್ಟರೆ ಸಿಡಬ್ಲ್ಯುಡಿ ಸಾಯುತ್ತದಂತೆ, ಒಂದು ಮೆಸೇಜ್ ಬಂತು.

ಡಾಕ್ಟರ್: ಸಾಯುವುದಿಲ್ಲ. ಮೂರನೇ ಸಲ ಹೇಳುತ್ತಿದ್ದೇನೆ. ಚಾಕುವಿಗೆ ಮಾತ್ರ ಒಂದು ದಾರಿ ಇದೆ. ಅಂಟಿದ ಮಾಂಸವನ್ನೆಲ್ಲ ತೊಳೆದು, 40 ಶೇಕಡಾ ಬ್ಲೀಚ್ ಬೆರೆಸಿದ ನೀರಿನಲ್ಲಿ 5 ನಿಮಿಷ ಇಡಿ. ಮಾಂಸಕ್ಕೆ ದಾರಿ ಇಲ್ಲ.

ಫ್ರೀಮಾಂಟ್ ಸದಸ್ಯ: ಅರಿಶಿನ ಬೆರೆಸಿದರೆ?

ಅಡ್ಮಿನ್: ಸಾರ್, ಸಾಕು. ಇನ್ನೊಂದು ಮದ್ದಿನ ಮೆಸೇಜ್ ಬಂದರೆ ತೆಗೆದುಹಾಕುತ್ತೇನೆ.

ನ್ಯೂಜೆರ್ಸಿ ಸದಸ್ಯ: ಕೊಲ್ಲುವವರಿಗೆ ಜಾಗ ಇದೆ, ಮದ್ದು ಹೇಳುವವರಿಗಿಲ್ಲ. ಒಳ್ಳೆಯ ಗುಂಪು.

ಪಿಯೋರಿಯಾ ಸದಸ್ಯ: ಕೆಳಗೆ ಇಳಿದು ಕಾರಿನಲ್ಲಿ ಕೂತಿದ್ದೇನೆ. ನಾಳೆ ಬೆಳಕಾದ ಮೇಲೆ ಹೋಗುತ್ತೇನೆ. ರಾತ್ರಿ ತಣ್ಣಗಿದೆ.

ಓವರ್‌ಲ್ಯಾಂಡ್ ಪಾರ್ಕ್ ಸದಸ್ಯೆ: ಅಕ್ಕ, ನಾಳೆವರೆಗೆ ಕಾಯಲಿಲ್ಲ. ಇವತ್ತೇ ನರ್ಸ್ ಲೈನ್‌ಗೆ ಫೋನ್ ಮಾಡಿದೆ. ನೀವು ಹೇಳಿದ ಮಾತನ್ನೇ ಓದಿದೆ. ಸಂಜೆಯೊಳಗೆ ಪೆನ್ ಬರೆದುಕೊಟ್ಟರು. ನಾಳೆ ರಕ್ತಪರೀಕ್ಷೆ. ನೆಂಟರಿಗೆ ಕೋಳಿ ಸಾರು ಮಾಡುತ್ತೇನೆ. ಪೆನ್ ಕಾರಿನ ಡಬ್ಬಿಯಲ್ಲಿ ಇಟ್ಟಿದ್ದಾರೆ, ಮರೆಯಬಾರದು ಅಂತ.

ಡಾಕ್ಟರ್: ಕಾರಿನಿಂದ ತೆಗೆಸು. ಬಿಸಿಲಿಗೂ ಚಳಿಗೂ ಔಷಧಿ ಕೆಡುತ್ತದೆ. ಎರಡು ಪೆನ್ ಕೊಟ್ಟಿರುತ್ತಾರೆ, ಎರಡೂ ಅವರ ಹತ್ತಿರವೇ ಇರಲಿ, ಮಲಗುವಾಗ ತಲೆದಿಂಬಿನ ಪಕ್ಕ. ಚುಚ್ಚುವುದು ಹೇಗೆ ಅಂತ ನೀನೂ ಕಲಿ, ಅತ್ತೆಗೂ ಕಲಿಸು.